ಬಾಯಿ ತುಂಬ ಗುಂಡುಸೂಜಿ

ಜೂನ್ ೩, ಸೋಮವಾರ

ಪ್ರೀತಿಯ ಅತ್ತೆಗೆ ಸೊಸೆಯ ನಮಸ್ಕಾರಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಅಲ್ಲಿ ನೀವೂ ನಿಮ್ಮ ಹೊಲಿಗೆ ಮೆಷಿನ್ನೂ ಕ್ಷೇಮವೆಂದು ನಂಬಿದ್ದೇನೆ. ನಿಮ್ಮ ಕಾರ್ಡು ಬಂದಾಗ ಬಾಗಿಲಲ್ಲೇ ನಿಂತು ಓದಿದೆ, ಒಳಗೆ ಬಂದು ಓದಿದೆ, ಒಲೆಯ ಮೇಲೆ ಹಾಲು ಉಕ್ಕುವಾಗಲೂ ಓದುತ್ತಿದ್ದೆ. ಮದುವೆಯಾದ ಮೇಲೆ ನನ್ನ ಹೆಸರಿಗೆ ಬಂದ ಮೊದಲ ಅಂಚೆ ಅದು, ಅದೂ ಅತ್ತೆಯಿಂದ, ಅದರಲ್ಲೂ ಒಂದು ಬೈಗುಳವಿಲ್ಲ. ‘ಇಂಗ್ಲಿಷಿನಲ್ಲಿ ಈ, ಆ ಎನ್ನುವುದನ್ನು ಸರಿಯಾಗಿ ಹೇಳಲು ಕಲಿಸಿಕೊಡು’ ಎಂದು ನೀವು ಕೇಳಿದ್ದನ್ನು ಇವರಿಗೆ ಓದಿ ಹೇಳಿದರೆ ನಂಬಲೇ ಇಲ್ಲ. “ನಮ್ಮಮ್ಮ ಕೇಳಿದ್ಲಾ? ಬಾಯಾರಿ ಸಾಯ್ತಿದ್ರೂ ಒಂದು ಲೋಟ ನೀರು ಕೊಡಿ ಅಂತ ಯಾರನ್ನೂ ಕೇಳಿದವಳಲ್ಲ ಅವಳು,” ಅಂದರು. ಕಾರ್ಡು ಕಿತ್ತುಕೊಂಡು ಅಕ್ಷರ ನೋಡಿದ ಮೇಲೆಯೇ ಸುಮ್ಮನಾದದ್ದು.

ಮನೆಯ ವಿಷಯ ಬರೆಯಬೇಕು. ಐದನೇ ಮಹಡಿ, ಎರಡು ಕೋಣೆ, ಅಡುಗೆಮನೆಯ ಕಿಟಕಿಯಿಂದ ಎದುರು ಮನೆಯವರ ಅಡುಗೆಮನೆ ಕಾಣಿಸುತ್ತದೆ, ಆದ್ದರಿಂದ ನಾನು ಏನು ಸೀಯಿಸಿದರೂ ಅವರಿಗೆ ಮೊದಲೇ ಗೊತ್ತು. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ನಿಮ್ಮ ಮಗ ವಾಸವಿರುವ ಕಟ್ಟಡದ ಲಿಫ್ಟು ಮಾತ್ರ ಕೆಟ್ಟು ಕೂತಿದೆ. ಅದು ಬೇರೆ ಕಂಪನಿಯವರದಂತೆ, ಇವರು ಮುಟ್ಟುವ ಹಾಗಿಲ್ಲವಂತೆ. ದಿನಾ ಅದರ ಮುಂದೆ ಹಾದುಹೋಗುವಾಗ ನಿಟ್ಟುಸಿರು ಬಿಡುತ್ತಾರೆ. ಹಸಿದವನು ಬೀಗ ಹಾಕಿದ ಹೋಟೆಲು ನೋಡಿದ ಹಾಗೆ.

ಮದುವೆಗೆ ಮುಂಚೆಯೇ ನೀವು ಹೊಲಿದು ಕಳಿಸಿದ ನೀಲಿ ಕೋಟಿನ ಬಗ್ಗೆ ಎಷ್ಟು ಬರೆದರೂ ಸಾಲದು. ಮೈಮೇಲೆ ಎರಕ ಹೊಯ್ದ ಹಾಗಿದೆ. ಅದರ ಜೊತೆ ತೆಗೆಸಿಕೊಂಡ ಫೋಟೋ ಇಟ್ಟಿದ್ದೇನೆ.

ಈಗ ಪಾಠ. ನಗಬೇಡಿ, ನಾನು ತುಂಬ ಶಿಸ್ತಿನ ಟೀಚರು. ಕೈಚಾಚಿದರೆ ಮುಟ್ಟಲು ಸಿಗುವಂಥದ್ದು ದಿಸ್. ಬೆರಳು ಮಾಡಿ ತೋರಿಸಬೇಕಾದಷ್ಟು ದೂರ ಇರುವಂಥದ್ದು ದ್ಯಾಟ್. ಅಷ್ಟೇ. ನಿಮಗೆ ಇದು ಮೊದಲೇ ಗೊತ್ತಿದೆ, ಎಲ್ಲ ಕಾಗದಗಳ ಮೊದಲ ಸಾಲೂ ಇದೇ ತಾನೆ? ಇಲ್ಲಿ ನಾವು ಕ್ಷೇಮ, ಅಲ್ಲಿ ನೀವು ಕ್ಷೇಮ. ದಿಸ್ ಈಸ್ ಮೈ ಹೌಸ್ ಎಂದು ನಾನು ಬರೆದರೆ, ದ್ಯಾಟ್ ಈಸ್ ಯುವರ್ ಹೌಸ್ ಎಂದು ನೀವು ಉತ್ತರ ಕೊಡಬೇಕು. ನಿಮ್ಮ ಅಂಗಡಿಯಲ್ಲಿರುವ ಒಂದೊಂದನ್ನೂ ಮುಟ್ಟಿ ಹೇಳಿ, ದೂರ ನಿಂತು ತೋರಿಸಿ ಹೇಳಿ.

ಯಾಕೆ ಕಲಿಯಬೇಕೆನಿಸಿತು ಎಂದು ನೀವು ಬರೆದಿಲ್ಲ. ನಾನೂ ಕೇಳುವುದಿಲ್ಲ. ಆದರೆ ನಮ್ಮ ಮಹಡಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ಮೂರು ಸಂಸಾರಗಳಿವೆ ಎಂದು ಇವರು ನಿಮಗೆ ಹೇಳಿದ್ದು ನನಗೆ ಗೊತ್ತು. ಹೆಚ್ಚು ಬರೆಯುವುದಿಲ್ಲ. ಬರೆದರೆ ಕುಣಿದುಬಿಡುತ್ತೇನೆ.

ನಿಮ್ಮ ಸೊಸೆ

*

ಜೂನ್ ೧೧, ಮಂಗಳವಾರ

ಸೊಸೆಗೆ ಆಶೀರ್ವಾದ.

ಕಾಗದ ತಲುಪಿತು. ಫೋನಿನಲ್ಲೇ ಕೇಳಬಹುದಿತ್ತಲ್ಲ ಎಂದು ನನ್ನ ಮಗ ಕೇಳಿದ. ಫೋನಿನಲ್ಲಿ ಹೇಳಿದ ಪಾಠವನ್ನು ಗೋಡೆಗೆ ಅಂಟಿಸಲು ಬರುವುದಿಲ್ಲ. ನಿನ್ನದನ್ನು ಮೆಷಿನ್ನಿನ ಎದುರು ಅಂಟಿಸಿದ್ದೇನೆ. ಹಾಲು ಉಕ್ಕಿದ ಸಾಲನ್ನು ಮಡಿಚಿ ಅಂಟಿಸಿದ್ದೇನೆ, ಬಂದವರು ಓದುವುದು ಬೇಡ.

ಮುಟ್ಟಿ ಹೇಳಿದೆ. ದಿಸ್ ಈಸ್ ಟೇಪ್. ದಿಸ್ ಈಸ್ ಥ್ರೆಡ್. ಗೋಡೆಗೆ ಬೆನ್ನು ಕೊಟ್ಟು ನಿಂತು ದ್ಯಾಟ್ ಈಸ್ ಟೇಪ್ ಅಂದೆ. ಬಂದ ಗಿರಾಕಿ ಹಾಗೇ ವಾಪಸ್ ಹೋದಳು. ಕತ್ತರಿ ಮುಟ್ಟಿ ದಿಸ್ ಈಸ್ ಸಿಸರ್ಸ್ ಅಂದಾಗ ಪಕ್ಕದ ಚಪ್ಪಲಿ ಅಂಗಡಿಯವನು ತಲೆ ಹಾಕಿ, “ಅಮ್ಮಾ, ಕತ್ತರಿಗೆ ದೀಸ್ ಅನ್ಬೇಕು. ನನ್ನ ಬೂಟಿನ ಗಿರಾಕಿಗಳು ಹಾಗೇ ಅನ್ನೋದು,” ಅಂದ. ಕತ್ತರಿ ಇರುವುದು ಒಂದೇ. ಎರಡು ಇಟ್ಟುಕೊಳ್ಳುವಷ್ಟು ಶ್ರೀಮಂತಳಲ್ಲ ನಾನು. ಅವನು ಹೇಳಿದ್ದು ಸರಿಯೋ, ಬಡಾಯಿಯೋ, ತಿಳಿಸು.

ಇನ್ನೊಂದು. ನನ್ನ ಮಗ ಹೋದ ವಾರ ಲಿಫ್ಟು ನೋಡಲು ಬೇರೆ ಊರಿಗೆ ಹೋಗಿದ್ದನೆಂದು ಅವನೇ ಹೇಳಿದ. ಆ ವಾರ ಬರೆದ ಕಾಗದದಲ್ಲೂ ನೀನು ಇವರು, ಇವರು ಅಂತಲೇ ಬರೆದಿದ್ದೀಯ. ದೂರ ಇರುವುದಕ್ಕೆ ಆ ಅನ್ನಬೇಕೆಂದು ಪಾಠ ಹೇಳಿದವಳು ನೀನೇ. ತಪ್ಪು ಹುಡುಕುತ್ತಿಲ್ಲ. ನಿನ್ನ ಮಾವ ಹೋಗಿ ಎಷ್ಟೋ ವರ್ಷ ನಾನೂ ಇವರು ಅಂತಲೇ ಅನ್ನುತ್ತಿದ್ದೆ.

ಫೋಟೋ ಚೆನ್ನಾಗಿದೆ. ಕೋಟನ್ನು ಹೆಗಲ ಮೇಲೆ ಹೊದ್ದುಕೊಂಡಿದ್ದೀಯ, ತೋಳು ಹಾಕಿಕೊಂಡಿಲ್ಲ. ಸೆಖೆ ಇತ್ತೇನೋ.

ಬೇಗ ಬರೆ. ಕಾರಣ ಆಮೇಲೆ ಹೇಳುತ್ತೇನೆ.

ಅತ್ತೆ

*

ಜೂನ್ ೧೮, ಮಂಗಳವಾರ

ಪ್ರೀತಿಯ ಅತ್ತೆಗೆ,

ಇಲ್ಲಿ ಕ್ಷೇಮ, ಅಲ್ಲಿಯೂ ಕ್ಷೇಮವಿರಲಿ. ಹೌದು, ಫೋಟೋ ತೆಗೆಸಿದ ದಿನ ಸೆಖೆ. ಬೆಂಕಿಯ ಹಾಗೆ ಸೆಖೆ. ಕೋಟಿನ ವಿಷಯ ಬಿಡಿ, ಕೋಟು ಅದ್ಭುತ.

ಚಪ್ಪಲಿ ಅಂಗಡಿಯವರು ಹೇಳಿದ್ದು ಸರಿ. ಒಂದಕ್ಕಿಂತ ಹೆಚ್ಚಿದ್ದು ಹತ್ತಿರವಿದ್ದರೆ ದೀಸ್, ದೂರವಿದ್ದರೆ ದೋಸ್. ಒಂದು ಗುಂಡಿ ದಿಸ್ ಬಟನ್. ಎರಡಾದರೆ ದೀಸ್ ಬಟನ್ಸ್. ಕತ್ತರಿಗೆ ಎರಡು ಅಲಗು ಇರುವುದರಿಂದ ಒಂದಿದ್ದರೂ ದೀಸ್. ಪ್ಯಾಂಟಿಗೆ ಎರಡು ಕಾಲು, ಅದಕ್ಕೂ ದೀಸ್. ಕನ್ನಡಕವೂ ಅಷ್ಟೇ. ನಮಗೆ ಶಾಲೆಯಲ್ಲಿ ಹೀಗೇ ಕಲಿಸಿದ್ದು, ನಾವು ಯಾಕೆ ಎಂದು ಕೇಳಿದವರಲ್ಲ, ಕೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ನನ್ನ ಹೊಸ ಕೆಲಸದ ವಿಷಯ ಹೇಳಿಲ್ಲ ಅಲ್ಲವೆ? ಬೆಳಗಿನ ಹೊತ್ತು ಹಲ್ಲಿನ ಡಾಕ್ಟರರ ಹತ್ತಿರ ಮುಂದಿನ ಮೇಜಿನಲ್ಲಿ ಕೂರುತ್ತೇನೆ. ಅಲ್ಲಿ ಇರುವಷ್ಟು ಹೊತ್ತೂ ಇದೇ ಪಾಠ. ಗಿರಾಕಿ ನಾಲಗೆ ಇಟ್ಟು ತೋರಿಸುತ್ತಾ ದಿಸ್ ಟೂತ್ ಅನ್ನುತ್ತಾನೆ. ಡಾಕ್ಟರು ಕನ್ನಡಿ ಹಿಡಿದು ನೋ, ದ್ಯಾಟ್ ಒನ್ ಅನ್ನುತ್ತಾರೆ. ಹಲ್ಲು ಒಂದೇ, ಅವನಿಗೆ ಹತ್ತಿರ, ಡಾಕ್ಟರರಿಗೆ ದೂರ. ಬಾಯಲ್ಲಿ ಹತ್ತಿ, ಪೈಪು, ಡಾಕ್ಟರರ ಎರಡು ಬೆರಳು ತುಂಬಿಕೊಂಡು ಜನ ಆಡುವ ಮಾತೆಲ್ಲ ನನಗೆ ಅರ್ಥವಾಗುತ್ತದೆ. ಇವರು ಇದನ್ನು ದೊಡ್ಡ ವಿದ್ಯೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ತಡೆದುಕೊಳ್ಳಲು ಆಗುವುದಿಲ್ಲ, ಹೇಳಿಬಿಡುತ್ತೇನೆ. ನೀವು ಕಾರಣ ಆಮೇಲೆ ಹೇಳುತ್ತೇನೆ ಎಂದರೂ ನನಗೆ ಗೊತ್ತಾಗಿದೆ. ಚಿಕ್ಕ ಕೋಣೆ ಖಾಲಿ ಮಾಡಿದ್ದೇವೆ. ಇವರ ಸ್ಪ್ಯಾನರು, ಗ್ರೀಸಿನ ಡಬ್ಬಿ ಎಲ್ಲ ಬಾಲ್ಕನಿಗೆ ಹೋದವು. ಕೋಣೆಗೆ ಬಾಗಿಲಿಲ್ಲದ್ದರಿಂದ ಹಳದಿ ಪರದೆ ತಂದು ಹಾಕಿದೆ. ಮೆಷಿನ್ ಇಡಲು ಕಿಟಕಿ ಪಕ್ಕ ಜಾಗ ಇದೆ, ಬೆಳಕು ಎಡಗಡೆಯಿಂದ ಬರುತ್ತದೆ. ಹೊಲಿಯುವವರಿಗೆ ಅದೇ ಬೇಕು ಎಂದು ಇವರು ಹೇಳಿದರು.

ನಿಮ್ಮ ಸೊಸೆ, ಟೀಚರ್

*

ಜುಲೈ ೨, ಮಂಗಳವಾರ

ಟೀಚರಮ್ಮನವರಿಗೆ,

ಉತ್ತರ ತಡವಾಯಿತು. ಹಳದಿ ಪರದೆಯ ಸಾಲು ಓದಿದ ಮೇಲೆ ಏನು ಬರೆಯುವುದೆಂದು ತೋಚಲಿಲ್ಲ. ಸುತ್ತಿ ಬಳಸಿ ಹೇಳಿ ನನಗೆ ಅಭ್ಯಾಸವಿಲ್ಲ. ನಾನು ನಿಮ್ಮ ಮನೆಗೆ ಬಂದು ಇರಲು ಇಂಗ್ಲಿಷ್ ಕಲಿಯುತ್ತಿಲ್ಲ.

ಬೇರೆ ಬೇರೆ ದೇಶದ ಜನ ಸೇರಿ ನಡೆಸುವ ನಾಟಕದ ತಂಡವೊಂದು ನಮ್ಮೂರಿಗೆ ಬಂದಿದೆ. ಸಭಾಭವನ ಹಿಡಿದು ಅಭ್ಯಾಸ ಮಾಡುತ್ತಿದ್ದಾರೆ, ಆಮೇಲೆ ಊರೂರು ತಿರುಗುತ್ತಾರೆ. ಚಪ್ಪಲಿ ಅಂಗಡಿಯವನು ಅವರ ಬೂಟು ಹೊಲಿದುಕೊಡುತ್ತಾನೆ. ಅವರ ಬಟ್ಟೆಬರೆಯ ಉಸ್ತುವಾರಿ ಒಬ್ಬ ಹೆಂಗಸಿನದು. ಎಷ್ಟು ಎತ್ತರ ಎಂದರೆ ನನ್ನ ಅಂಗಡಿಯೊಳಗೆ ಮಡಿಚಿಕೊಂಡು ಬಂದಳು. ನಾನು ಅವಳನ್ನು ಏಣಿ ಅನ್ನುತ್ತೇನೆ. ನೂಲು ಕೊಳ್ಳಲು ಬಂದವಳು ನಾನು ಕಾಲರ್ ಕೂರಿಸುವುದನ್ನು ನೋಡುತ್ತಾ ನಿಂತುಬಿಟ್ಟಳು. ಅವಳು ಆಡಿದ್ದರಲ್ಲಿ ನನಗೆ ತಿಳಿದದ್ದು ಅವಳ ಬೆರಳು ಮಾತ್ರ. ಉಳಿದದ್ದನ್ನು ಚಪ್ಪಲಿಯವನು ಹೇಳಿದ. ಅವರ ಜೊತೆ ತಿರುಗಲು ಒಬ್ಬ ದರ್ಜಿ ಬೇಕಂತೆ. ಕೈಕೆಲಸ ನೋಡಿಯಾಯಿತು, ಆದರೆ ನಟರಿಗೆ ಬಟ್ಟೆ ತೊಡಿಸಿ ಸರಿಮಾಡುವಾಗ ಮಾತಿನಲ್ಲಿ ಹೇಳಲು ಬರಬೇಕಂತೆ. ರಂಗದ ಹಿಂದೆ ಕತ್ತಲು, ಅಲ್ಲಿ ಬೆರಳು ತೋರಿಸಿದರೆ ಯಾರಿಗೆ ಕಾಣುತ್ತದೆ? ಈ ತೋಳು, ಆ ಕಾಲು, ಈ ಗುಂಡಿಗಳು, ಆ ಗುಂಡಿಗಳು, ಇಷ್ಟು ಬಂದರೆ ಸಾಕು ಅಂದಳಂತೆ. ಜುಲೈ ಹದಿನೈದಕ್ಕೆ ಒಬ್ಬ ನಟನ ಮೈಮೇಲೆ ಟ್ರಯಲ್ ಮಾಡಿ ತೋರಿಸಬೇಕು.

ನನಗೆ ಇದು ಬೇಕು. ನನ್ನ ಮಗ ಅಂಬೆಗಾಲಿಡುತ್ತಿದ್ದಾಗಿನಿಂದ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದೇನೆ. ಬಿಳಿ ಅಂಗಿ, ಬೂದು ಚಡ್ಡಿ. ಬಿಳಿ ಅಂಗಿ, ಬೂದು ಚಡ್ಡಿ. ಏಣಿಯ ಹತ್ತಿರ ಒಂದು ಮೇಲಂಗಿ ನೋಡಿದೆ, ಒಳಗಿನ ಅಸ್ತರಿಗೆ ಕೆಂಪು. ಯಾರಿಗೂ ಕಾಣದ ಕಡೆ ಅಂಥ ಕೆಂಪು. ಮನೆಗೆ ಬಂದು ಊಟ ಸೇರಲಿಲ್ಲ.

ಮಗನಿಗೆ ಹೇಳಬೇಡ. ಅವನು ಬೇಡ ಅಂದರೂ ನಾನು ಹೋಗುವವಳೇ, ಆದರೆ ಅವನು ಬೇಡ ಅನ್ನುವುದನ್ನು ಕೇಳಿಸಿಕೊಂಡು ಹೋಗುವುದು ಬೇಡ.

ಅಭ್ಯಾಸ ನಡೆದಿದೆ. ಗಿರಾಕಿ ಇಲ್ಲದಾಗ ಚಪ್ಪಲಿಯವನನ್ನು ನಿಲ್ಲಿಸಿಕೊಂಡು ಗುಂಡುಸೂಜಿ ಚುಚ್ಚುತ್ತಾ ಮಾತಾಡುತ್ತೇನೆ. ಬಾಯಿ ತುಂಬ ಗುಂಡುಸೂಜಿ ಇದ್ದರೂ ಅವನಿಗೆ ಎಲ್ಲ ತಿಳಿಯುತ್ತದೆ. ನಿನ್ನೆ, “ಇಂಗ್ಲಿಷ್ ಚೆನ್ನಾಗಿ ನಾಟ್ತಾ ಇದೆ ಅಮ್ಮಾ, ಸ್ವಲ್ಪ ಮೆತ್ತಗೆ,” ಅಂದ.

ಒಂದು ಸಂದೇಹ. ಎರಡು ಕಾಲಿದೆಯೆಂದು ಪ್ಯಾಂಟಿಗೆ ದೀಸ್. ಅಂಗಿಗೂ ಎರಡು ತೋಳಿದೆ, ಅದು ಮಾತ್ರ ಯಾಕೆ ದಿಸ್? ಇಂಗ್ಲಿಷಿನವರು ಸೊಂಟದಿಂದ ಕೆಳಗೆ ಮಾತ್ರ ಎಣಿಸುತ್ತಾರೇನು?

ಅತ್ತೆ

*

ಜುಲೈ ೮, ಸೋಮವಾರ

ಪ್ರೀತಿಯ, ಪ್ರೀತಿಯ ಅತ್ತೆಗೆ,

ನಾಟಕದ ತಂಡ, ಕೆಂಪು ಅಸ್ತರಿ, ಊರೂರು ತಿರುಗಾಟ. ಓದುತ್ತಾ ಐದು ಮಹಡಿ ಹತ್ತಿದ್ದು ಗೊತ್ತೇ ಆಗಲಿಲ್ಲ, ಆರನೆಯದಕ್ಕೆ ಹೋಗಿ ಬೇರೆಯವರ ಬಾಗಿಲಿಗೆ ಬೀಗದ ಕೈ ಹಾಕುತ್ತಿದ್ದೆ. ಪರದೆಯ ಬಗ್ಗೆ ಯೋಚನೆ ಮಾಡಬೇಡಿ. ಹಳದಿ ಬಣ್ಣ ನನಗೆ ಮೊದಲೇ ಅಷ್ಟು ಹಿಡಿಸಿರಲಿಲ್ಲ. ಸ್ಪ್ಯಾನರುಗಳಿಗೂ ಬಾಲ್ಕನಿಯಲ್ಲಿ ತುಕ್ಕು ಹಿಡಿಯುತ್ತಿತ್ತು. ಇವರಿಗೆ ಹೇಳಿಲ್ಲ. ಕಣ್ಣು ಯಾಕೆ ಕೆಂಪಗಿದೆ ಎಂದು ಕೇಳಿದರು, ಈರುಳ್ಳಿ ಅಂದೆ. ಸಂತೋಷದ ಈರುಳ್ಳಿ, ನಿಜವಾಗಿಯೂ.

ಅಂಗಿಯ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಡಾಕ್ಟರರನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ. ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದ ಗಿರಾಕಿಗೂ ಗೊತ್ತಿಲ್ಲ.

ಕೊನೆಯ ಪಾಠ. ದಿಸ್, ದ್ಯಾಟ್ ಜಾಗಕ್ಕೆ ಮಾತ್ರವಲ್ಲ, ಹೊತ್ತಿಗೂ ಸಲ್ಲುತ್ತದೆ. ಈಗ ನಡೆಯುತ್ತಿರುವುದು ದಿಸ್. ಆಗಿ ಮುಗಿದದ್ದು ದ್ಯಾಟ್. ದಿಸ್ ಈಸ್ ಗುಡ್ ಎಂದರೆ ಈಗಿನದು. ದ್ಯಾಟ್ ವಾಸ್ ಗುಡ್ ಎಂದರೆ ಹೋದದ್ದು. ಟ್ರಯಲ್ ಮುಗಿದ ಮೇಲೆ ಏಣಿಯವರು ದ್ಯಾಟ್ ವಾಸ್ ಗುಡ್ ಅಂದರೆ ಗೆದ್ದಿರಿ ಎಂದರ್ಥ.

ಟೀಚರಾಗಿ ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಮಾತಾಡಬೇಡಿ. ನಮ್ಮ ಶಾಲೆಯಲ್ಲಿ ಬಾಯಲ್ಲಿ ಪೆನ್ಸಿಲ್ ಇದ್ದರೂ ಮಾತಾಡುವ ಹಾಗಿರಲಿಲ್ಲ, ಅವರ ದೃಷ್ಟಿಯಲ್ಲಿ ಅದು ತುಂಬ ಅಗೌರವ. ಸೂಜಿಗಳನ್ನೆಲ್ಲ ಡಬ್ಬಿಗೆ ಹಾಕಿ, ನೆಟ್ಟಗೆ ನಿಂತು, ಕಣ್ಣಿಗೆ ಕಣ್ಣು ಕೊಟ್ಟು, ಒಂದು ಸಲ ನಕ್ಕು, ಆಮೇಲೆ ಶುರುಮಾಡಿ. ಇಷ್ಟು ಮಾಡಿದರೆ ನಿಮ್ಮನ್ನು ಹಿಡಿಯುವವರಿಲ್ಲ.

ಹದಿನೈದಕ್ಕೆ ಇಡೀ ದಿನ ನಾನು ನಿಮಗಾಗಿ ದೇವರಿಗೆ ಕೈಮುಗಿದುಕೊಂಡಿರುತ್ತೇನೆ. ಯಾರಿಗೆ ಯಾವ ಹಲ್ಲಿನ ಅಪಾಯಿಂಟ್‌ಮೆಂಟ್ ಬರೆಯುತ್ತೇನೋ ಗೊತ್ತಿಲ್ಲ.

ನಿಮ್ಮ ಟೀಚರ್

*

ಜುಲೈ ೧೭, ಬುಧವಾರ

ಸೊಸೆಗೆ,

ಟ್ರಯಲ್ ಆಯಿತು. ನೀನು ಹೇಳಿದ ಹಾಗೆ ಸೂಜಿ ಡಬ್ಬಿಗೆ ಹಾಕಿದೆ. ನೆಟ್ಟಗೆ ನಿಂತೆ. ನಕ್ಕೆ. ಮಾತು ಬರಲಿಲ್ಲ. ಒಂದೂ ಬರಲಿಲ್ಲ. ಆ ನಟ ಒಳ್ಳೆಯವನು, ತಾನೇ ತೋಳೆತ್ತಿ ತೋರಿಸಿದ. ನಾನು ಅವನ ತೋಳನ್ನೇ ನೋಡುತ್ತಾ ನಿಂತಿದ್ದೆ. ಏಣಿ ಥ್ಯಾಂಕ್ಯೂ ಅಂದಳು.

ಸಮವಸ್ತ್ರದ ಕೆಲಸ ರಾಶಿ ಬಿದ್ದಿದೆ. ಪಾಠ ಸಾಕು. ನಿನ್ನ ತಪ್ಪೇನೂ ಇಲ್ಲ.

ಅತ್ತೆ

*

ಜುಲೈ ೨೩, ಮಂಗಳವಾರ

ಅತ್ತೆಗೆ,

‘ನಿನ್ನ ತಪ್ಪೇನೂ ಇಲ್ಲ’ ಎಂದು ನೀವು ಬರೆದದ್ದರಿಂದಲೇ ನನ್ನದೇ ಏನೋ ತಪ್ಪಾಗಿದೆಯೆಂದು ಗೊತ್ತಾಯಿತು. ಏನೆಂದು ಗೊತ್ತಾಗಲಿಲ್ಲ. ಪಾಠ ಗಟ್ಟಿಯಾಗಿರಲಿಲ್ಲವೇನೋ, ಅವಸರ ಮಾಡಿದೆನೇನೋ ಎಂದು ಪಾತ್ರೆ ತೊಳೆಯುತ್ತಾ ಅಳುತ್ತಿದ್ದೆ. ಇವರು ಬಂದರು. ಮನೆಯಲ್ಲಿ ಈರುಳ್ಳಿ ಇರಲಿಲ್ಲ. ಹೇಳಿಬಿಟ್ಟೆ, ಎಲ್ಲವನ್ನೂ. ಕ್ಷಮಿಸಿ.

ಇವರು ಬೇಡ ಅನ್ನಲಿಲ್ಲ. ಅದನ್ನು ಮೊದಲು ಬರೆಯಬೇಕಿತ್ತು. ಕೂತು ನಿಮ್ಮ ಕೊನೆಯ ಎರಡೂ ಕಾಗದ ಓದಿದರು. ಆಮೇಲೆ, “ಅಮ್ಮನ ಬಾಯಿಂದ ಗುಂಡುಸೂಜಿ ತೆಗೆಸಿದ್ಯಾ ನೀನು?” ಅಂದರು. ಹೌದು, ಅದು ಮರ್ಯಾದೆಯಲ್ಲ ಅಂತ, ಅಂದೆ. ನಗಬೇಕೋ ಅಳಬೇಕೋ ತಿಳಿಯದ ಮುಖ ಮಾಡಿದರು. “ಕಥೆ ಹೇಳಿದ್ದು, ಮಗ್ಗಿ ಹೇಳ್ಕೊಟ್ಟಿದ್ದು, ಬೈದಿದ್ದು, ಎಲ್ಲಾ ಬಾಯಲ್ಲಿ ಸೂಜಿ ಇಟ್ಕೊಂಡೇ ಕಣೇ. ನನ್ನ ಮದುವೆಗೆ ಒಪ್ಪಿದ್ದೂ ಹಾಗೇನೇ. ಸೂಜಿ ತೆಗೆದಿಟ್ಟು ನಮ್ಮಮ್ಮ ಎದುರಿಗೆ ನಿಂತ್ಲು ಅಂದ್ರೆ ಯಾರೋ ಹೋಗಿದಾರೆ ಅಂತ ಅರ್ಥ. ಅಪ್ಪ ಹೋದ ದಿನ ಹಾಗೆ ನಿಂತಿದ್ಲು. ಅವತ್ತೂ ಮಾತು ಬರ್ಲಿಲ್ಲ,” ಅಂದರು.

ಅತ್ತೆ, ನನಗೆ ಅದು ಗೊತ್ತಿರಲಿಲ್ಲ. ಬಾಯಿ ತುಂಬ ಹತ್ತಿ ಇಟ್ಟುಕೊಂಡ ಜನ ದಿನಾ ನನ್ನ ಹತ್ತಿರ ಸಂಸಾರದ ಕಥೆಯನ್ನೆಲ್ಲ ಹೇಳುತ್ತಾರೆ. ಹತ್ತಿ ತೆಗೆದ ಮೇಲೆ ‘ಎಷ್ಟಾಯಿತು’ ಎಂದಷ್ಟೇ ಕೇಳಿ ಹೋಗುತ್ತಾರೆ. ಎಲ್ಲ ಕಣ್ಣೆದುರೇ ಇತ್ತು, ನನಗೆ ಹೊಳೆಯಲಿಲ್ಲ.

ನೀವು ಮತ್ತೆ ಹೋಗಬೇಕು. ಸೂಜಿ ಬಾಯಲ್ಲಿಟ್ಟುಕೊಂಡು ಹೋಗಬೇಕು. ಇನ್ನೊಂದು ಅವಕಾಶ ಕೊಡಿ ಎಂದು ಕೇಳಬೇಕು. ನೀವು ಕೇಳುವವರಲ್ಲ ಎಂದು ಇವರು ಹೇಳುತ್ತಲೇ ಇದ್ದಾರೆ. ಆದರೆ ನನ್ನ ಹತ್ತಿರ ಒಂದು ಕಾರ್ಡಿದೆ, ಅದರಲ್ಲಿ ‘ಕಲಿಸಿಕೊಡು’ ಎಂದು ನಿಮ್ಮ ಕೈಯಲ್ಲೇ ಬರೆದಿದೆ. ಒಂದು ಸಲ ಕೇಳಿದವರಿಗೆ ಎರಡನೇ ಸಲ ಅಷ್ಟು ಕಷ್ಟವಾಗಲಾರದು.

ನಿಮ್ಮ ಸೊಸೆ
(ಟೀಚರ್ ಎಂದು ಬರೆದುಕೊಳ್ಳುವ ಯೋಗ್ಯತೆ ಸದ್ಯಕ್ಕಿಲ್ಲ)

*

ಆಗಸ್ಟ್ ೫, ಸೋಮವಾರ

ಅತ್ತೆಗೆ,

ನಿಮ್ಮಿಂದ ಕಾಗದ ಬರಲಿಲ್ಲ. ಫೋನು ಮಾಡಿದರೆ ಮೆಷಿನ್ನಿನ ಸದ್ದು ಕೇಳಿಸುತ್ತದೆ, ಚೆನ್ನಾಗಿದ್ದೇನೆ ಅನ್ನುತ್ತೀರಿ, ಇಡುತ್ತೀರಿ.

ಇಲ್ಲಿ ಒಂದು ಸುದ್ದಿ. ನಮ್ಮ ಲಿಫ್ಟು ಓಡುತ್ತಿದೆ. ಆ ಕಂಪನಿಯವರು ಬಂದಿರಲಿಲ್ಲ. ಇವರ ಅಂಗಿಯ ತೋಳಿನಲ್ಲಿ ಗ್ರೀಸ್ ಇದೆ. ನಾನು ಏನೂ ಕೇಳಿಲ್ಲ. “ಯಾವತ್ತಾದ್ರೂ ಅಮ್ಮ ಬಂದ್ರೆ ಮೆಷಿನ್ ಹೊತ್ಕೊಂಡು ಐದು ಮಹಡಿ ಹತ್ತೋಕಾಗುತ್ತಾ,” ಎಂದು ತಾವಾಗಿಯೇ ಅಂದರು.

ಪರದೆ ತೆಗೆದಿಲ್ಲ.

ಸೊಸೆ

*

ಆಗಸ್ಟ್ ೧೪, ಬುಧವಾರ

ಮಗಳಿಗೆ,

ನಿನ್ನ ಎರಡೂ ಕಾಗದಗಳು ಬಂದವು. ಮೊದಲನೆಯದನ್ನು ಓದಿ ಸಿಟ್ಟು ಬಂತು. ಸತ್ತ ಮನೆಯಲ್ಲಿ ನಿಂತ ಹಾಗೆ ನಿಲ್ಲುತ್ತೇನೆಂದು ನನ್ನ ಮಗ ಗಮನಿಸಿದ್ದಾನೆ, ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ. ಅವನ ಬಾಯಲ್ಲೇನಿತ್ತೋ. ಎರಡು ವಾರ ಬಿಳಿ ಅಂಗಿ, ಬೂದು ಚಡ್ಡಿ ಹೊಲಿದೆ. ಎರಡನೆಯದನ್ನು ಓದಿದ ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದೆ, ಮೆಷಿನ್ನಿನ ಮುಂದೆ ಕೂತೆ, ಎದುರಿಗೆ ನಿನ್ನ ಪಾಠ ಇತ್ತು. ಬಾಯಿಗೆ ಗುಂಡುಸೂಜಿ ಹಾಕಿಕೊಂಡೆ. ಎದ್ದೆ. ಅಂಗಡಿಗೆ ಬೀಗ ಹಾಕಿದೆ.

ಅಲ್ಲಿಗೆ ಹೋದ ಮೇಲೆ ಹಾಕಿಕೊಳ್ಳಬಹುದಿತ್ತು. ಆದರೆ ದಾರಿಯಲ್ಲಿ ಯಾರಾದರೂ ಸಿಕ್ಕಿ ಎಲ್ಲಿಗೆ ಎಂದು ಕೇಳಿದರೆ, ಎಲ್ಲಿಗೂ ಇಲ್ಲ ಎಂದು ಹೇಳಿ ವಾಪಸ್ ಬಂದುಬಿಡುತ್ತೇನೆಂದು ನನಗೆ ನನ್ನ ಮೇಲೆ ಗುಮಾನಿ. ಬಾಯಲ್ಲಿ ಸೂಜಿ ಇದ್ದರೆ ನೆಪ ಹೇಳಲು ಬರುವುದಿಲ್ಲ. ಹಾಗೆಯೇ ಬೀದಿಯುದ್ದಕ್ಕೂ ನಡೆದೆ. ಹಿಟ್ಟಿನ ಗಿರಣಿಯವಳು ಮಾತಾಡಿಸಿದಳು, ತಲೆ ಆಡಿಸಿದೆ. ಶಾಲೆಯ ಮೇಷ್ಟ್ರು ಸಮವಸ್ತ್ರ ಯಾವಾಗ ಅಂದರು, ತಲೆ ಆಡಿಸಿದೆ, ಅವರು ನಾಳೆ ಎಂದು ತಿಳಿದುಕೊಂಡು ಹೋದರು. ಚಪ್ಪಲಿಯವನು ಹಿಂದೆಯೇ ಬಂದ, ನೋಡಲೇಬೇಕು ಅಮ್ಮಾ ಅಂತ.

ಸಭಾಭವನದ ಕಾವಲಿನವನು ಅಡ್ಡ ನಿಂತು ಏನೋ ಕೇಳಿದ. ದ್ಯಾಟ್ ಡೋರ್. ಓಪನ್, ಅಂದೆ. ತೆರೆದ. ನಾನೇ ಬೆಚ್ಚಿದೆ.

ಒಳಗೆ ಏಣಿ ಒಬ್ಬ ದಪ್ಪ ನಟನ ಮುಂದೆ ಮಂಡಿಯೂರಿ ಕೂತಿದ್ದಳು. ನನ್ನನ್ನು ನೋಡಿ ಎದ್ದಳು. ಅವಳ ಬಾಯಲ್ಲೂ ಗುಂಡುಸೂಜಿ. ಅವತ್ತು ಅದನ್ನು ನಾನು ನೋಡಿರಲಿಲ್ಲ ನೋಡು. ಕಣ್ಣಿಗೆ ಕಣ್ಣು ಕೊಡುವುದರಲ್ಲೇ ಮಗ್ನಳಾಗಿದ್ದೆ, ಬಾಯಿ ನೋಡಿರಲಿಲ್ಲ. ಕೇಳಬೇಕು ಎಂದು ನೀನು ಬರೆದಿದ್ದೆ. ಇನ್ನೊಂದು ಅವಕಾಶ ಕೊಡಿ ಎನ್ನುವುದನ್ನು ಇಂಗ್ಲಿಷಿನಲ್ಲಿ ನೀನು ಕಲಿಸಿಲ್ಲ. ನನಗೆ ಬರುವುದರಲ್ಲೇ ಹೇಳಿದೆ.

“ದ್ಯಾಟ್ ವಾಸ್ ನಾಟ್ ಮಿ,” ಅಂದೆ. “ದಿಸ್ ಈಸ್ ಮಿ.”

ಅವಳು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಅವಳಿಗೆ ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ, ನಾನು ಇರುವುದೇ ಅಷ್ಟು. ಆಮೇಲೆ ಟೇಪನ್ನು ತನ್ನ ಕೊರಳಿನಿಂದ ತೆಗೆದು ನನ್ನ ಕೊರಳಿಗೆ ಹಾಕಿದಳು.

ಮಂಡಿಯೂರಿದೆ. ದೀಸ್ ಟ್ರೌಸರ್ಸ್, ಟೂ ಲಾಂಗ್. ದಿಸ್ ಲೆಗ್, ಸ್ಟ್ರೇಟ್. ದ್ಯಾಟ್ ಲೆಗ್, ಅಪ್. ದೀಸ್ ಬಟನ್ಸ್, ನೋ ಗುಡ್. ಗೋಡೆಯ ಹತ್ತಿರ ಕೆಲವರು ಗಲಾಟೆ ಮಾಡುತ್ತಿದ್ದರು. ದೋಸ್ ಪೀಪಲ್, ಕ್ವಯೆಟ್, ಅಂದೆ. ಸುಮ್ಮನಾದರು. ದಪ್ಪ ನಟನೂ ಉಸಿರು ಬಿಗಿಹಿಡಿದ, ಬಿಡು ಅನ್ನಲು ನನಗೆ ಬರುತ್ತಿರಲಿಲ್ಲ, ಪಾಪ, ಕೆಂಪಾದ. ಚಪ್ಪಲಿಯವನು ಬಾಗಿಲಲ್ಲಿ ನಿಂತು ತನ್ನ ಮಗಳನ್ನೇ ಪಾಸು ಮಾಡಿಸಿದವನ ಹಾಗೆ ಎದೆ ಉಬ್ಬಿಸಿಕೊಂಡಿದ್ದ.

ಮುಗಿದ ಮೇಲೆ ಏಣಿ ಅಂಚನ್ನೆಲ್ಲ ಬೆರಳಲ್ಲಿ ತಡವಿ ನೋಡಿದಳು. “ದ್ಯಾಟ್ ವಾಸ್ ಗುಡ್,” ಅಂದಳು. ಅರ್ಥ ನೀನು ಬರೆದದ್ದೇ. ಈಗ ಕೆಂಪು ಅಸ್ತರಿಯ ಮೇಲಂಗಿ ನನ್ನ ಮೇಜಿನ ಮೇಲಿದೆ.

ಮೊದಲ ಊರು ನಿಮ್ಮದೇ. ಸೆಪ್ಟೆಂಬರ್ ಎರಡಕ್ಕೆ ಬರುತ್ತೇವೆ. ತಂಡಕ್ಕೆಲ್ಲ ಹೋಟೆಲು ಹಿಡಿದಿದ್ದಾರೆ. ನನಗೆ ಬೇಡ ಅಂದಿದ್ದೇನೆ. ಹಳದಿ ಪರದೆಯ ಕೋಣೆಗೆ ಸ್ಪ್ಯಾನರ್ ತುಂಬಿಸಬೇಡಿ. ನಾಟಕ ಅಲ್ಲಿರುವಷ್ಟು ದಿನ ಅದು ನನ್ನದು, ಆಮೇಲೆ ಮುಂದಿನ ಊರಿಗೆ ಹೋಗುತ್ತೇನೆ, ಆಮೇಲೆ ಮತ್ತೆ ಬರುತ್ತೇನೆ.

ನೀಲಿ ಕೋಟು ತೆಗೆದಿಡು. ಸೆಖೆಯಂತೆ ಸೆಖೆ. ತೋಳು ಹತ್ತುವುದಿಲ್ಲವೆಂದು ಫೋಟೋ ನೋಡಿದ ಕ್ಷಣವೇ ತಿಳಿಯಿತು. ನೀನು ಹೇಳಬಹುದಿತ್ತು. ಅದು ನಿನ್ನ ತಪ್ಪೂ ಅಲ್ಲ, ನನ್ನದೂ ಅಲ್ಲ. ಅಳತೆ ಕಳಿಸು ಅಂದರೆ ನನ್ನ ಮಗ ಫೋನಿನಲ್ಲಿ, “ಇಷ್ಟೇ ಇಷ್ಟು ಇದಾಳೆ ಅಮ್ಮಾ,” ಅಂದ. ಆ ಕಡೆ ಎರಡು ಕೈ ಹಿಡಿದು ತೋರಿಸುತ್ತಿದ್ದನೆಂದು ಕಾಣುತ್ತದೆ. ಆ ಇಷ್ಟೇ ಇಷ್ಟಕ್ಕೆ ಹೊಲಿದೆ. ಅವನ ಕಣ್ಣಿಗೆ ನೀನು ಅಂಗೈಯಲ್ಲಿ ಹಿಡಿಸುವಷ್ಟಿದ್ದೀಯ, ನಾನೇನು ಮಾಡಲಿ. ಒಳಗೆ ಬಟ್ಟೆ ಬಿಟ್ಟಿದ್ದೇನೆ, ಬಿಚ್ಚಿ ಸಡಿಲ ಮಾಡಿದರೆ ಸರಿಹೋಗುತ್ತದೆ. ಟ್ರಯಲ್ ಇಂಗ್ಲಿಷಿನಲ್ಲಿ.

ಅತ್ತೆ

*

ಸೆಪ್ಟೆಂಬರ್ ೪, ಬುಧವಾರ, ಬೆಳಿಗ್ಗೆ

ಅತ್ತೆಗೆ,

ನೀವು ಇನ್ನೂ ಮಲಗಿದ್ದೀರಿ, ಎಬ್ಬಿಸಲು ಮನಸ್ಸಾಗಲಿಲ್ಲ. ಚಹಾ ಫ್ಲಾಸ್ಕಿನಲ್ಲಿದೆ. ಲಿಫ್ಟಿನಲ್ಲಿ ಇಳಿಯಿರಿ, ಇವರು ಕಾದಿದ್ದಾರೆ, ಅಮ್ಮ ಇಳಿಯುವುದನ್ನು ನೋಡಿಯೇ ಕೆಲಸಕ್ಕೆ ಹೋಗುತ್ತಾರಂತೆ. ಸಂಜೆ ನಾಟಕಕ್ಕೆ ನಾವಿಬ್ಬರೂ ಬರುತ್ತೇವೆ. ಮೇಲಂಗಿಯ ಒಳಗಿನ ಕೆಂಪು ಯಾರಿಗೂ ಕಾಣುವುದಿಲ್ಲ ಅಂದಿರಿ. ನಾವು ನೋಡುತ್ತೇವೆ.

ಕೋಟು ಹಾಕಿಕೊಂಡು ಕ್ಲಿನಿಕ್ಕಿಗೆ ಹೊರಟಿದ್ದೇನೆ. ಎರಡು ತೋಳು, ಎಲ್ಲ ಗುಂಡಿ. ಹೊರಗೆ ನಿಜವಾಗಿಯೂ ಸೆಖೆ, ಆದರೂ ಬಿಚ್ಚುವುದಿಲ್ಲ. ಬಗಲಿನಲ್ಲಿ ಏನೋ ಚುಚ್ಚಿತು, ನೋಡಿದರೆ ನೀವು ಮರೆತ ಗುಂಡುಸೂಜಿ. ಅದರಿಂದಲೇ ಈ ಚೀಟಿಯನ್ನು ನಿಮ್ಮ ಪರದೆಗೆ ಚುಚ್ಚಿದ್ದೇನೆ. ಓದಿದ ಮೇಲೆ ಬಾಯಿಗೆ ಹಾಕಿಕೊಳ್ಳಿ.

ಇಲ್ಲಿ ಎಲ್ಲರೂ ಕ್ಷೇಮ. ಮುಂದಿನ ಸಾಲು ಅಭ್ಯಾಸಬಲದಿಂದ ಬರೆಯಲು ಹೋಗಿ, ಪರದೆಯಾಚೆ ನಿಮ್ಮ ಗೊರಕೆ ಕೇಳಿಸಿ, ಪೆನ್ನು ಮುಚ್ಚಿದೆ.

ನಿಮ್ಮ ಸೊಸೆ